ಆರನೆಯ ವಾರದ ಅಳು

ಬೆಳಗಾವಿ ಜಿಲ್ಲೆಯ ದೊಡವಾಡದ ಸೀಮೆಯಲ್ಲಿ ಹೆರಿಗೆಗೆಂದು ತವರಿಗೆ ಬಂದ ಮಗಳು ಮೂರು ತಿಂಗಳಿಗೋ ಐದು ತಿಂಗಳಿಗೋ ಗಂಡನ ಮನೆಗೆ ಮರಳುವುದು ವಾಡಿಕೆ. ಗಂಡನ ಊರು ಸವದತ್ತಿಯ ಕಡೆ ಇರಬಹುದು, ರಾಮದುರ್ಗ ಇಲ್ಲವೇ ಕಿತ್ತೂರಿನ ಕಡೆ ಇರಬಹುದು. ಕೂಸಿನ ಮೊದಲ ತಿಂಗಳುಗಳು ಮಾತ್ರ ಆಯಿಯ (ತಾಯಿಯ ತಾಯಿಯ) ಕಣ್ಣೆದುರೇ ಕಳೆಯುತ್ತವೆ. ಬಾಣಂತಿಯ ಕೋಣೆಯಲ್ಲಿ ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಲೆ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ಸಂಜೆಗೊಮ್ಮೆ ಲೋಬಾನದ ಹೊಗೆ. ಎರಡು ವಾರ ದಾಟುತ್ತಿದ್ದಂತೆ ಇವುಗಳ ಜೊತೆಗೆ ಅಳುವೊಂದು ಸೇರಿಕೊಳ್ಳುತ್ತದೆ. ಹೊತ್ತು ಮುಳುಗುವಾಗ ಶುರುವಾದದ್ದು ಮನೆಯವರ ಊಟ ಮುಗಿದರೂ ನಿಲ್ಲುವುದಿಲ್ಲ. ಕೂಸು ಮುಖ ಕೆಂಪಗೆ ಮಾಡಿ, ಮುಷ್ಟಿ ಬಿಗಿದು, ಮೊಣಕಾಲನ್ನು ಹೊಟ್ಟೆಗೆ ಸೆಳೆದುಕೊಂಡು ಚೀರುತ್ತದೆ. ನಡುನಡುವೆ ಕುಡಿದ ಹಾಲನ್ನು ಮೊಸರಾಗಿಸಿ ಹೊರಹಾಕುತ್ತದೆ. ‘ಹಾಲ ಕಾರಾಕತ್ತೈತಿ’ ಎಂದು ಒಬ್ಬರು, ‘ಹೊಟ್ಟಿ ಉಬ್ಬೇತಿ, ವಾಯು ಆಗೇತಿ’ ಎಂದು ಇನ್ನೊಬ್ಬರು. ‘ದೃಷ್ಟಿ ತಗೀರಿ’ ಎನ್ನುವವರೂ ಇರುತ್ತಾರೆ. ತಾಯಿಗೆ ಮಾತ್ರ ತನ್ನ ಹಾಲಿನಲ್ಲೇ ಏನೋ ದೋಷವಿದೆ ಎಂಬ ಭಯ.

ಈ ಭಯಕ್ಕೆ ಮೊದಲು ಉತ್ತರ ಕೊಡಬೇಕು. ಹಾಲಿನಲ್ಲಿ ದೋಷವಿಲ್ಲ. ಹಾಲು ಮೇಲೆ ಬರುವುದಕ್ಕೂ ಸಂಜೆಯ ಅಳುವಿಗೂ ಬೇರೆ ಬೇರೆ ಕಾರಣಗಳಿವೆ. ಎರಡೂ ಒಂದೇ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದರಿಂದ ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ನಾವು ಗಂಟು ಹಾಕುತ್ತೇವೆ.

ಅನ್ನನಾಳವು ಜಠರವನ್ನು ಸೇರುವ ಕಡೆ ಬಳೆಯಾಕಾರದ ಸ್ನಾಯುವೊಂದಿದೆ. ನುಂಗಿದಾಗ ತೆರೆದುಕೊಂಡು, ನುಂಗಿದ್ದು ಒಳಗಿಳಿದ ಮೇಲೆ ಬಿಗಿದುಕೊಳ್ಳುವುದು ಅದರ ಕೆಲಸ. ದೊಡ್ಡವರಲ್ಲೂ ಅದು ಆಗಾಗ ನುಂಗುವ ಕಾರಣವಿಲ್ಲದೆ ಕೆಲ ಸೆಕೆಂಡು ಸಡಿಲಾಗುತ್ತದೆ. ಜಠರದ ಗಾಳಿ ತೇಗಾಗಿ ಹೊರಬರುವುದು ಹೀಗೆ. ಕೂಸಿನಲ್ಲೂ ಇದೇ ನಡೆಯುತ್ತದೆ, ಸುತ್ತಲಿನ ಸ್ಥಿತಿಯಷ್ಟೇ ಬೇರೆ. ನವಜಾತ ಶಿಶುವಿನ ಅನ್ನನಾಳದ ಉದ್ದ ಸುಮಾರು 10 ಸೆಂಟಿಮೀಟರ್. ಜಠರ ಪುಟ್ಟದು, ಆಹಾರ ಪೂರ್ತಿ ದ್ರವ, ಕೂಸು ದಿನದ ಬಹುಪಾಲು ಮಲಗಿಯೇ ಇರುತ್ತದೆ. ಜೊತೆಗೆ ತನ್ನ ತೂಕಕ್ಕೆ ಹೋಲಿಸಿದರೆ ಅದು ಕುಡಿಯುವ ಪ್ರಮಾಣ ನಮ್ಮ ನಿಮ್ಮ ಊಟಕ್ಕಿಂತ ಎಷ್ಟೋ ಪಾಲು ಹೆಚ್ಚು. ಕಂಠದವರೆಗೆ ತುಂಬಿ, ಬಾಯಿಗೆ ಸಡಿಲ ಗಂಟು ಹಾಕಿ, ಅಡ್ಡ ಮಲಗಿಸಿದ ಜೋಳದ ಚೀಲದಿಂದ ಕಾಳು ಸೋರುವುದರಲ್ಲಿ ಆಶ್ಚರ್ಯವೇನಿದೆ?

ಅಮೆರಿಕದ ಷಿಕಾಗೋದಲ್ಲಿ 1997ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೂರು ತಿಂಗಳೊಳಗಿನ ಕೂಸುಗಳಲ್ಲಿ ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಹಾಲು ಕಾರುತ್ತಿದ್ದವು. ನಾಲ್ಕನೆಯ ತಿಂಗಳಲ್ಲಿ ಈ ಪ್ರಮಾಣ ಮೂರರಲ್ಲಿ ಎರಡಕ್ಕೆ ಏರಿ, ವರ್ಷ ತುಂಬುವ ಹೊತ್ತಿಗೆ ನೂರಕ್ಕೆ ಐದಕ್ಕೆ ಇಳಿದಿತ್ತು. ಕೂಸು ಕೂರಲು, ನಿಲ್ಲಲು, ಗಟ್ಟಿ ಆಹಾರ ತಿನ್ನಲು ಕಲಿತಂತೆ ಇದು ತಾನಾಗಿ ಕಡಿಮೆಯಾಗುತ್ತದೆ. ಕಾರಿದ ಹಾಲು ಹೆಗಲ ಮೇಲೆ, ಕೌದಿಯ ಮೇಲೆ ಹರಡಿದಾಗ ಕುಡಿದದ್ದೆಲ್ಲ ಹೊರಗೆ ಬಂತೆಂದು ಕಾಣುತ್ತದೆ. ನಂಬಬೇಕಾದದ್ದು ತಕ್ಕಡಿಯನ್ನು. ಮೊದಲ ಮೂರು ತಿಂಗಳು ಕೂಸು ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ, ದಿನಕ್ಕೆ ಆರೇಳು ಬಾರಿ ಉಚ್ಚೆ ಹೊಯ್ಯುತ್ತಿದ್ದರೆ, ಕಾರಿದ ಮೇಲೂ ನಗುತ್ತಿದ್ದರೆ ಅದಕ್ಕೆ ಬೇಕಾದಷ್ಟು ಹಾಲು ಒಳಗೇ ಉಳಿದಿದೆ. ಇಂಥ ಕೂಸಿಗೆ ಔಷಧ ಬೇಡ, ಹೆಗಲ ಮೇಲೊಂದು ಬಟ್ಟೆ ಸಾಕು.

ಅಳುವಿನ ಕಥೆ ಇದಕ್ಕಿಂತ ಸೋಜಿಗದ್ದು. 1962ರಲ್ಲಿ ಟಿ. ಬೆರಿ ಬ್ರೇಜಲ್ಟನ್ ಎಂಬ ಅಮೆರಿಕದ ಮಕ್ಕಳ ವೈದ್ಯ 80 ತಾಯಂದಿರಿಂದ ಕೂಸುಗಳ ಅಳುವಿನ ದಿನಚರಿ ಬರೆಸಿದರು. ಆರೋಗ್ಯವಾಗಿದ್ದ ಈ ಕೂಸುಗಳ ಅಳು ಎರಡನೆಯ ವಾರದಿಂದ ಏರುತ್ತ ಆರನೆಯ ವಾರಕ್ಕೆ ದಿನಕ್ಕೆ ಎರಡೂ ಮುಕ್ಕಾಲು ಗಂಟೆ ಮುಟ್ಟಿ, ಆಮೇಲೆ ಇಳಿಯಿತು. ಹೆಚ್ಚಿನದು ಸಂಜೆಯಲ್ಲೇ. 2017ರಲ್ಲಿ ಹಲವು ದೇಶಗಳ 28 ಅಧ್ಯಯನಗಳ ಎಂಟು ಸಾವಿರಕ್ಕೂ ಹೆಚ್ಚು ಕೂಸುಗಳ ಲೆಕ್ಕ ಕೂಡಿಸಿ ನೋಡಿದರು. ಮೊದಲ ಆರು ವಾರ ದಿನಕ್ಕೆ ಸುಮಾರು ಎರಡು ಗಂಟೆ ಇದ್ದ ಅಳು ಹತ್ತು–ಹನ್ನೆರಡನೆಯ ವಾರಕ್ಕೆ ಒಂದು ಗಂಟೆ ಎಂಟು ನಿಮಿಷಕ್ಕೆ ಇಳಿದಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಈ ಏರು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿದ ಆರನೆಯ ವಾರಕ್ಕೆ ಬೀಳುತ್ತದೆ. ಅಂದಮೇಲೆ ಈ ಅಳುವಿನ ಕಾಲವನ್ನು ನಿರ್ಧರಿಸುವುದು ಬಹುಮಟ್ಟಿಗೆ ಬೆಳೆಯುತ್ತಿರುವ ಮೆದುಳು, ತಾಯಿ ನಿನ್ನೆ ತಿಂದ ಪಲ್ಲೆಯಲ್ಲ.

ಹಾಗಾದರೆ ಉಬ್ಬಿದ ಹೊಟ್ಟೆ, ಬಿಡುವ ಹೂಸು? 1954ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರೊನಾಲ್ಡ್ ಇಲ್ಲಿಂಗ್‌ವರ್ತ್ ಹೀಗೆ ಅಳುವ ಕೂಸುಗಳನ್ನು ಎಕ್ಸ್‌ರೇ ಮಾಡಿಸಿಯೂ ನೋಡಿದರು. ಹೊಟ್ಟೆಯಲ್ಲಿ ಹೇಳಿಕೊಳ್ಳುವಂಥ ಹೆಚ್ಚುವರಿ ಗಾಳಿ ಕಾಣಲಿಲ್ಲ. ಅಳುವಾಗ ಕೂಸು ಬಾಯಿ ತೆರೆದು ಗಾಳಿ ನುಂಗುತ್ತದೆ, ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ನುಂಗಿದ ಗಾಳಿ ಕೆಳಗಿನಿಂದ ಹೊರಬೀಳುತ್ತದೆ. ಬಹಳ ಸಲ ಗಾಳಿ ಅಳುವಿನ ಫಲ, ಅಳುವಿನ ಮೂಲವಲ್ಲ. ಮೊಣಕಾಲು ಸೆಳೆದುಕೊಳ್ಳುವುದೂ ಹೊಟ್ಟೆನೋವಿನ ಗುರುತಾಗಬೇಕಿಲ್ಲ. ಯಾವ ಕಾರಣಕ್ಕೆ ಅತ್ತರೂ ಈ ವಯಸ್ಸಿನ ಕೂಸು ಹಾಗೆಯೇ ಮುದುಡುತ್ತದೆ. ಕರುಳಿನಲ್ಲಿ ಗಾಳಿ ಹುಟ್ಟುವುದಂತೂ ನಿಜ. ಎದೆಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ಒಂದಷ್ಟು ಪಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಅನಿಲ ಮಾಡುತ್ತವೆ. ಅದು ಆರೋಗ್ಯವಂತ ಕರುಳಿನ ನಿತ್ಯದ ವ್ಯವಹಾರ. ಒಂದು ಮೊಲೆ ಪೂರ್ತಿ ಬರಿದಾಗುವ ಮೊದಲೇ ಗಡಿಯಾರ ನೋಡಿ ಇನ್ನೊಂದಕ್ಕೆ ಬದಲಿಸುತ್ತಿದ್ದರೆ ಮಾತ್ರ ಕೂಸಿಗೆ ಕೊನೆಯ ಕೊಬ್ಬಿನ ಹಾಲಿಗಿಂತ ಮೊದಲಿನ ಸಕ್ಕರೆಯ ಹಾಲೇ ಹೆಚ್ಚು ಸಿಕ್ಕು ಗಾಳಿ ಹೆಚ್ಚಬಹುದು. ಒಂದು ಕಡೆಯ ಹಾಲು ಮುಗಿದು ಕೂಸು ತಾನಾಗಿ ಬಿಟ್ಟ ಮೇಲೆ ಇನ್ನೊಂದು ಕಡೆ ಹಿಡಿಸಿದರೆ ಅದಕ್ಕೆ ಪರಿಹಾರವಾಯಿತು.

ಇನ್ನು ಕೆಲವು ಕೂಸುಗಳು ಹತ್ತು–ಹದಿನೈದು ನಿಮಿಷ ತಿಣುಕಿ, ಕೆಂಪಾಗಿ, ಅತ್ತು, ಕೊನೆಗೆ ಮೆತ್ತಗಿನ ಕಕ್ಕವನ್ನೇ ಮಾಡುತ್ತವೆ. ಹೊಟ್ಟೆಯನ್ನು ಒತ್ತುವಾಗ ಗುದದ ಸ್ನಾಯುವನ್ನು ಸಡಿಲಿಸಬೇಕೆಂಬುದು ಅವಕ್ಕೆ ಇನ್ನೂ ಕಲಿಯಬೇಕಾದ ವಿದ್ಯೆ. ಇದು ಮಲಬದ್ಧತೆಯಲ್ಲ. ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಾಕುವ ಅಗತ್ಯವೂ ಇಲ್ಲ.

ಬಾಣಂತಿಯ ಪಥ್ಯದ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ನಿಲ್ಲಬೇಕು. ‘ಬಟಾಟಿ ತಿನ್ನಬ್ಯಾಡ, ಕಡ್ಲಿ ಮುಟ್ಟಬ್ಯಾಡ, ಕೂಸಿಗೆ ವಾಯು ಆಗತೈತಿ.’ ಮಲಪ್ರಭೆಯ ಆಸುಪಾಸಿನ ಎರಿ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬೆಳೆಯುವ ಸೀಮೆಯಲ್ಲಿ ಬಾಣಂತಿಗೆ ಕಡಲೆಯೇ ನಿಷಿದ್ಧ. ಕಡಲೆ ತಿಂದ ತಾಯಿಯ ಹೊಟ್ಟೆಯಲ್ಲಿ ಗಾಳಿಯಾಗುವುದು ಏಕೆ? ಜೀರ್ಣವಾಗದ ನಾರು ಮತ್ತು ಕೆಲವು ಶರ್ಕರಗಳು ಅವಳ ದೊಡ್ಡ ಕರುಳಿನಲ್ಲಿ ಹುಳಿಯುವುದರಿಂದ. ಆ ನಾರು ಕರುಳನ್ನು ದಾಟಿ ರಕ್ತಕ್ಕೆ ಬರುವುದಿಲ್ಲ. ರಕ್ತಕ್ಕೆ ಬಾರದ್ದು ಹಾಲಿಗೆ ಬರುವ ದಾರಿಯಿಲ್ಲ. ತಾಯಿಯ ವಾಯು ತಾಯಿಯ ಹೊಟ್ಟೆಯಲ್ಲೇ ಉಳಿಯುತ್ತದೆ. ಬೆಳ್ಳುಳ್ಳಿಯಂಥವುಗಳ ವಾಸನೆ ಹಾಲಿಗೆ ಇಳಿಯುವುದುಂಟು, ಅದರಿಂದ ಕೂಸಿಗೆ ತೊಂದರೆಯಿಲ್ಲ.

ಪಥ್ಯದಿಂದ ತೊಂದರೆಯಾಗುವುದು ಬೇರೆಯೇ ಕಡೆ. ಬೇಳೆ–ಕಾಳು, ತರಕಾರಿ ಎಲ್ಲವನ್ನೂ ಬಿಡಿಸಿ ವಾರಗಟ್ಟಲೆ ಬಿಳಿ ಅನ್ನ, ತುಪ್ಪ, ಸಪ್ಪೆ ಸಾರಿನ ಮೇಲೆ ಇರಿಸಿದರೆ ತಾಯಿಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಸಾಲದೆ ಬರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ತೀರ ಕಡಿಮೆ. ಹಾಲಿನಲ್ಲೂ ಕಡಿಮೆಯಾಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ತಜ್ಞರು ಬರೀ ಎದೆಹಾಲು ಕುಡಿಯುತ್ತಿದ್ದ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಸಾವಿನಂಚಿಗೆ ಬಂದಿದ್ದ ಹಸುಗೂಸುಗಳಿಗೆ ಥಯಾಮಿನ್ ಕೊಟ್ಟು ಬದುಕಿಸಿದ ಅನುಭವವನ್ನು 2021ರಲ್ಲಿ ಪ್ರಕಟಿಸಿದರು. ಈ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ರಚ್ಚೆ, ವಾಂತಿ, ಹಾಲು ಬಿಡುವುದು, ಏದುಸಿರು, ಕೆಲವೊಮ್ಮೆ ಗೊಗ್ಗರು ದನಿಯ ಅಳುವಾಗಿ. ಹೊಟ್ಟೆಯ ವಾಯುವೆಂದು ಕಾದು ಕೂತರೆ ಕೂಸು ಉಳಿಯದು. ಗುರುತಿಸಿದರೆ ಒಂದು ಅಗ್ಗದ ಚುಚ್ಚುಮದ್ದು ಗಂಟೆಗಳ ಲೆಕ್ಕದಲ್ಲಿ ಚೇತರಿಕೆ ತರುತ್ತದೆ. ವಾಯು ತಪ್ಪಿಸಲೆಂದು ಮಾಡಿದ ಪಥ್ಯವೇ ಕೂಸಿನ ಹೃದಯಕ್ಕೆ ಕುತ್ತಾಗುವುದಕ್ಕಿಂತ ದುಃಖದ್ದು ಏನಿದೆ? ಬಾಣಂತಿಗೆ ಜೋಳದ ರೊಟ್ಟಿ ಕೊಡಿ, ಹೆಸರುಬೇಳೆ, ತೊಗರಿ, ಮಡಕಿ, ಶೇಂಗಾ ಹಿಂಡಿ, ಕಾಯಿಪಲ್ಲೆ ಕೊಡಿ. ಅಳವಿ, ಸಬ್ಬಸಗಿ ಇದ್ದೇ ಇರಲಿ.

ಕೆಲವೇ ಕೂಸುಗಳಿಗೆ ದನ–ಎಮ್ಮೆಯ ಹಾಲಿನ ಪ್ರೋಟೀನು ತಾಯಿಯ ಮೂಲಕ ಬಂದು ಒಗ್ಗದೆ ಇರುವುದುಂಟು. ಕಕ್ಕದಲ್ಲಿ ರಕ್ತದ ಗೆರೆ, ಮೈಮೇಲೆ ಇಸುಬು, ತೂಕ ನಿಲ್ಲುವುದು ಅದರ ಸುಳಿವು. ಆಗ ವೈದ್ಯರು ಹೇಳಿದರೆ ಮಾತ್ರ ತಾಯಿ ಎರಡು ವಾರ ಹಾಲು–ಮೊಸರು ಬಿಟ್ಟು ನೋಡಬಹುದು.

ಈಗ ಚಮಚದಲ್ಲಿ ಕೊಡುವ ಮದ್ದುಗಳಿಗೆ ಬರೋಣ. ಆಯಿಯ ಕೈಯ ಗುಟ್ಟಿಯಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿಯಂಥವನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಾರೆ. ಪ್ರೀತಿಯಿಂದ ಬಂದ ಪದ್ಧತಿ, ಅದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಆದರೆ ತೇಯ್ದ ಬೇರಿನಲ್ಲಿ ಎಷ್ಟು ಸತ್ವ ಇಳಿಯಿತೆಂದು ಅಳೆಯುವ ಉಪಾಯವಿಲ್ಲ. ಮೂರೂವರೆ ಕಿಲೋ ತೂಕದ ಕೂಸಿಗೆ ಹೆಚ್ಚು ಕಡಿಮೆಯೆಂಬುದು ಸಣ್ಣ ಮಾತಲ್ಲ. ಬಜೆಯಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಜೇನಿನಲ್ಲಿ ಕಲಸಿ ನೆಕ್ಕಿಸುವುದು ಇನ್ನೂ ಅಪಾಯ: ಜೇನಿನಲ್ಲಿ ಇರಬಹುದಾದ ಬೊಟುಲಿನಂ ಬೀಜಾಣುಗಳು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನೇ ನಿಷ್ಕ್ರಿಯಗೊಳಿಸುವ ವಿಷ ಮಾಡಬಲ್ಲವು. ಔಡಲೆಣ್ಣೆ ಕುಡಿಸುವುದು, ಎರೆಯುವಾಗ ಮೂಗಿಗೆ ಎಣ್ಣೆ ಬಿಡುವುದು ಇವುಗಳಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಕೂಸುಗಳನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ಚೆನ್ನಾಗಿ ಬಲ್ಲರು. ಇಂಗನ್ನು ಹೊಕ್ಕಳ ಸುತ್ತ ಹಚ್ಚಿದರೆ ಸಾಮಾನ್ಯವಾಗಿ ಕೆಡುಕಿಲ್ಲ, ಕುಡಿಸಬಾರದು. ಕೂಸಿನ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಂದಿಸಿದ ಪ್ರಕರಣ ದಾಖಲಾಗಿದೆ.

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ. ವಿಲಿಯಂ ವುಡ್‌ವರ್ಡ್ ಎಂಬ ಔಷಧ ತಯಾರಕ ಜೌಗು ನಾಡಿನ ಮಕ್ಕಳಿಗೆ ಜ್ವರಕ್ಕೆ ಕೊಡುತ್ತಿದ್ದ ಮದ್ದನ್ನು ನೋಡಿ ಇದನ್ನು ಮಾಡಿದ. ಅದರಲ್ಲಿದ್ದದ್ದು ನೀರು, ಸಕ್ಕರೆ, ಅಡುಗೆ ಸೋಡಾ, ಸಬ್ಬಸಗಿ ಬೀಜದ ಎಣ್ಣೆ, ಮತ್ತು ಶೇಕಡಾ 3.6ರಷ್ಟು ಆಲ್ಕೋಹಾಲ್. ದೊಡವಾಡದ ಬಾಣಂತಿ ಉಣ್ಣುವ ಸಬ್ಬಸಗಿಯೇ ನಾಟಿಂಗ್‌ಹ್ಯಾಮಿನ ಶೀಶೆಯಲ್ಲೂ ಇತ್ತು. ಕೂಸು ತಣ್ಣಗಾದದ್ದು ಬಹುಶಃ ಸಕ್ಕರೆ ಮತ್ತು ಮದ್ಯದಿಂದ. ಬ್ರಿಟನ್ನಿನಲ್ಲಿ ಆಲ್ಕೋಹಾಲ್ ತೆಗೆದದ್ದು 1992ರಲ್ಲಿ, ನೂರ ನಲವತ್ತು ವರ್ಷಗಳ ನಂತರ. ಈಗಿನ ಶೀಶೆಗಳಲ್ಲಿ ಅದಿಲ್ಲ. ಹಾಗೆಂದು ಅಳು ಕಡಿಮೆ ಮಾಡುತ್ತದೆಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ, ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆಂಬ ನಿಯಮವನ್ನು ಇದು ಮುರಿಯುತ್ತದೆ.

ಅಂಗಡಿಯ ಹನಿಗಳ ಕಥೆಯೂ ಹೆಚ್ಚು ಬೇರೆಯಲ್ಲ. ಗಾಳಿಗುಳ್ಳೆ ಒಡೆಯುವ ಸೈಮೆಥಿಕೋನ್ 1994ರ ಪರೀಕ್ಷೆಯಲ್ಲಿ ಬರೀ ಸಪ್ಪೆ ದ್ರಾವಣಕ್ಕಿಂತ ಮೇಲೇನೂ ಮಾಡಲಿಲ್ಲ. ಹಾಲು ಕಾರಿ ಅಳುವ ಕೂಸುಗಳಿಗೆ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಕೊಟ್ಟ 2009ರ ಪರೀಕ್ಷೆಯಲ್ಲಿ 162 ಕೂಸುಗಳಿದ್ದವು: ಔಷಧ ಪಡೆದವರಲ್ಲಿ ಶೇಕಡಾ 54 ಸುಧಾರಿಸಿದರು, ಹುಸಿ ಔಷಧ ಪಡೆದವರಲ್ಲೂ ಶೇಕಡಾ 54. ಉಸಿರಾಟದ ಸೋಂಕು ಮಾತ್ರ ಔಷಧ ಪಡೆದವರಲ್ಲಿ ಹೆಚ್ಚಿತ್ತು. ಡೈಸೈಕ್ಲೋಮೀನ್ ಇರುವ ಹೊಟ್ಟೆನೋವಿನ ಹನಿಗಳು ಆರು ತಿಂಗಳೊಳಗಿನ ಕೂಸಿನ ಉಸಿರನ್ನೇ ನಿಲ್ಲಿಸಬಲ್ಲವು. ಮನೆಯಲ್ಲಿ ದೊಡ್ಡ ಮಗುವಿಗೆ ತಂದದ್ದು ಉಳಿದಿದ್ದರೂ ಕೊಡಬೇಡಿ. ಒಂದಿಷ್ಟು ಭರವಸೆ ಕಂಡದ್ದು ಲ್ಯಾಕ್ಟೋಬ್ಯಾಸಿಲಸ್ ರೂಟೆರಿ ಎಂಬ ಒಳ್ಳೆಯ ಸೂಕ್ಷ್ಮಜೀವಿಯ ಹನಿಗಳಲ್ಲಿ, ಅದೂ ಎದೆಹಾಲು ಕುಡಿಯುವ ಕೂಸುಗಳಲ್ಲಿ ಮಾತ್ರ. ಬೇಕೆನಿಸಿದರೆ ವೈದ್ಯರನ್ನು ಕೇಳಿ ಕೊಡಬಹುದು, ಕೊಡದಿದ್ದರೂ ನಷ್ಟವಿಲ್ಲ.

ಕೂಸನ್ನು ನಿಜವಾಗಿ ತಣಿಸುವುದು ಕೈ, ಹೆಗಲು, ನಡಿಗೆ. ಇದರಲ್ಲಿ ನಮ್ಮ ಬಾಣಂತನ ಶ್ರೀಮಂತವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಂಟ್ರಿಯಲ್ ನಗರದಲ್ಲಿ ಹುನ್‌ಜಿಕರ್ ಮತ್ತು ಬಾರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 99 ತಾಯಿ–ಕೂಸುಗಳಿದ್ದವು. ಅರ್ಧದಷ್ಟು ತಾಯಂದಿರಿಗೆ, ಕೂಸು ಅಳದಿದ್ದಾಗಲೂ ದಿನಕ್ಕೆ ಮೂರು ತಾಸಾದರೂ ಎತ್ತಿಕೊಂಡಿರಿ ಎಂದು ಹೇಳಿದ್ದರು. ಆರನೆಯ ವಾರಕ್ಕೆ ಆ ಕೂಸುಗಳ ಅಳು ಶೇಕಡಾ 43 ಕಡಿಮೆ, ಸಂಜೆಯ ಅಳು ಶೇಕಡಾ 51 ಕಡಿಮೆ. ‘ಎತ್ತಿ ಎತ್ತಿ ರೂಢಿ ಮಾಡಬ್ಯಾಡ’ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ಆದರೆ ಆಗಲೇ ವಿಪರೀತ ಅಳುತ್ತಿರುವ ಕೂಸುಗಳಿಗೆ ಎತ್ತಿಕೊಳ್ಳುವುದನ್ನು ಹೆಚ್ಚಿಸಿದಾಗ ಅಷ್ಟು ಫಲ ಸಿಗಲಿಲ್ಲವೆಂಬುದನ್ನೂ ಅದೇ ಬಾರ್ ಮುಂದೆ ತೋರಿಸಿದರು. ಏನು ಮಾಡಿದರೂ ನಿಲ್ಲದ ಅಳು ಕೆಲವು ಕೂಸುಗಳಲ್ಲಿ ಇದ್ದೇ ಇರುತ್ತದೆ. ಅದು ತಾಯಿಯ ಸೋಲಲ್ಲ.

ಜಪಾನಿನ ಕುಮಿ ಕುರೊಡಾ ಮತ್ತು ಸಂಗಡಿಗರು 2022ರಲ್ಲಿ 21 ಕೂಸುಗಳ ಹೃದಯ ಬಡಿತ ಅಳೆಯುತ್ತ, ಅಳುವ ಕೂಸನ್ನು ಎತ್ತಿಕೊಂಡಾಗ ಏನಾಗುತ್ತದೆಂದು ನೋಡಿದರು. ಸುಮ್ಮನೆ ಎತ್ತಿಕೊಂಡು ಕೂತರೆ ಅಳು ನಿಲ್ಲದು. ಎತ್ತಿಕೊಂಡು ಒಂದೇ ಹದದಲ್ಲಿ ಐದು ನಿಮಿಷ ನಡೆದರೆ ಅಳು ನಿಲ್ಲುತ್ತದೆ, ಸುಮಾರು ಅರ್ಧದಷ್ಟು ಕೂಸುಗಳು ನಿದ್ದೆಗೆ ಜಾರುತ್ತವೆ. ತಕ್ಷಣ ಮಲಗಿಸಲು ಹೋದರೆ ಮೂರರಲ್ಲೊಂದು ಎಚ್ಚರಾಗುತ್ತದೆ. ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು ಆಮೇಲೆ ಮಲಗಿಸಬೇಕು. ಪಡಸಾಲೆಯಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುವ ಅಜ್ಜ, ಮಾಮಾ, ಚಿಗವ್ವ ಮಾಡುವುದು ಇದನ್ನೇ. ಅಪ್ಪನೂ ಮಾಡಲಿ, ವಾರಕ್ಕೊಮ್ಮೆ ಅತಿಥಿಯಂತೆ ಬಂದು ಹೋಗುವುದು ಸಾಲದು. ಚಲಿಸುವ ಹಾಸಿಗೆಯೂ ಅದೇ ಫಲ ಕೊಟ್ಟಿತ್ತು. ಅರಗಿನ ಬಣ್ಣದ ಕಲಘಟಗಿ ತೊಟ್ಟಿಲನ್ನು ಮೆಲ್ಲಗೆ ತೂಗುವ ಕೈಗೆ ಪ್ರಯೋಗಾಲಯದ ಒಪ್ಪಿಗೆಯೂ ಸಿಕ್ಕಂತಾಯಿತು. ಸೀರೆಯ ಜೋಳಿಗೆಯಲ್ಲಿ ಮಾತ್ರ ಕೂಸಿನ ಗದ್ದ ಎದೆಗೆ ಒತ್ತಿ ಉಸಿರು ಕಟ್ಟದಂತೆ ಕಣ್ಣಿಟ್ಟಿರಬೇಕು.

ಕುಡಿದ ಮೇಲೆ ಬೆನ್ನು ತಟ್ಟಿ ತೇಗಿಸುವುದು ಎಲ್ಲರೂ ಹೇಳುವ ಮಾತು. ಚಂಡೀಗಡದ ಪಿಜಿಐ ಸಂಸ್ಥೆಯ ಸಂಶೋಧಕರು 71 ತಾಯಿ–ಕೂಸುಗಳಲ್ಲಿ ಇದನ್ನೇ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ತೇಗಿಸಿದ ಕೂಸುಗಳು ಕಡಿಮೆ ಅಳಲಿಲ್ಲ; ಹಾಲು ಕಾರಿದ್ದು ತೇಗಿಸದವಕ್ಕಿಂತ ಹೆಚ್ಚೇ. ಆದ್ದರಿಂದ ತೇಗು ಬರಲೇಬೇಕೆಂದು ಅರ್ಧ ತಾಸು ಗುದ್ದಬೇಡಿ. ಕುಡಿಸಿದ ಮೇಲೆ ಇಪ್ಪತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಇಟ್ಟುಕೊಳ್ಳಿ, ತೇಗು ಬಂದರೆ ಬರಲಿ. ಮಡಿಲಲ್ಲಿ ಕುಸಿದಂತೆ ಕೂರಿಸಿದರೆ ಹೊಟ್ಟೆ ಒತ್ತಿ ಹಾಲು ಮೇಲೇರುತ್ತದೆ. ಒಮ್ಮೆಗೇ ಹೊಟ್ಟೆ ಬಿರಿಯೆ ಕುಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪ, ಆಗಾಗ ಕುಡಿಸುವುದು ಲೇಸು. ಎಣ್ಣೆ–ನೀರು ಹಾಲು ಕುಡಿಸುವ ಮೊದಲೇ ಆಗಲಿ. ಹೊಟ್ಟೆಯನ್ನು ಹೊಕ್ಕಳ ಸುತ್ತ ಬಲಮುಖವಾಗಿ ಮೆಲ್ಲಗೆ ಸವರಬಹುದು, ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸಬಹುದು, ಎಚ್ಚರಿದ್ದಾಗ ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಓಡಾಡಬಹುದು. ಬಾಟಲಿ ಹಾಲಿಗೆ ರಾಗಿಹಿಟ್ಟು, ರವೆ ಬೆರೆಸಿ ಗಟ್ಟಿ ಮಾಡುವುದು ಬೇಡ. ಲೋಬಾನದ ಹೊಗೆಯೂ ಬೇಡ. ಕಣ್ಣುರಿದು ಮೂಗು ಕಟ್ಟಿದ ಕೂಸು ಇನ್ನಷ್ಟು ಅಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಕುಂಚಗಿ ಕಟ್ಟಿ ಎರಡು ಕೌದಿ ಹೊದಿಸಿದ ಕೂಸಿನ ಅಳುವಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಮಲಗಿಸುವುದು ಯಾವಾಗಲೂ ಬೆನ್ನ ಮೇಲೆ. ಹಾಲು ಕಾರುವ ಕೂಸು ಅಂಗಾತ ಮಲಗಿದರೆ ಉಸಿರುಗಟ್ಟೀತೆಂದು ಬೋರಲು ಮಲಗಿಸುವವರಿದ್ದಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಬಂದ ಹಾಲು ಏರಿ ಶ್ವಾಸನಾಳ ಸೇರುವುದು ಕಷ್ಟ. ಬೋರಲಾದರೆ ಇದು ತಲೆಕೆಳಗು. ಬೋರಲು ಮಲಗುವ ಕೂಸುಗಳಲ್ಲಿ ನಿದ್ದೆಯಲ್ಲೇ ಹಠಾತ್ ಸಾವು ಹೆಚ್ಚೆಂದು ತಿಳಿದ ಮೇಲೆ ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಬೋರಲು ಮಲಗಿಸಬಾರದೆಂಬ ಸಲಹೆ ಕೊಟ್ಟಿತು; ಅಂಥ ಸಾವುಗಳು ಅಲ್ಲಿ ಅರ್ಧಕ್ಕಿಂತ ಕೆಳಗಿಳಿದವು.

ಇಷ್ಟೆಲ್ಲ ಸಮಾಧಾನದ ನಡುವೆ ಕೆಲವು ಲಕ್ಷಣಗಳು ಕಂಡರೆ ಒಂದು ರಾತ್ರಿಯೂ ಕಾಯಬಾರದು. ಹಸಿರು ವಾಂತಿ, ರಕ್ತ ಬೆರೆತ ವಾಂತಿ ಅಥವಾ ಕಕ್ಕ, ಮೂರರಿಂದ ಆರನೆಯ ವಾರದಲ್ಲಿ ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವ ವಾಂತಿ, ಕಲ್ಲಿನಂತೆ ಬಿಗಿದ ಹೊಟ್ಟೆ, ತೊಡೆಸಂದಿಯಲ್ಲಿ ಗಂಟು, ಮೂರು ತಿಂಗಳೊಳಗೆ 38 ಡಿಗ್ರಿ ಮುಟ್ಟಿದ ಜ್ವರ, ಏದುಸಿರು, ಗೊಗ್ಗರು ದನಿ, ಉಚ್ಚೆ ಕಡಿಮೆಯಾಗುವುದು, ಕೂಸು ಮಂಕಾಗಿ ಹಾಲು ಬಿಡುವುದು. ಬೈಲಹೊಂಗಲದ ತಾಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಬೆಳಗಾವಿಗೋ ಧಾರವಾಡ–ಹುಬ್ಬಳ್ಳಿಗೋ ಕಳಿಸಿದರೆ ಹಿಂಜರಿಯಬೇಡಿ, 108ಕ್ಕೆ ಕರೆ ಮಾಡಿ. ಹೊಟ್ಟೆ ಉಬ್ಬಿತೆಂದು ಚುಟಿಗೆ ಹಾಕುವುದು, ಊದಿನಕಡ್ಡಿಯಿಂದ ಬರೆ ಎಳೆಯುವುದು ಉತ್ತರ ಕರ್ನಾಟಕದಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಸುಟ್ಟ ಚರ್ಮದಿಂದ ಸೋಂಕು ರಕ್ತಕ್ಕಿಳಿದು ಕೂಸು ಸಾಯಬಹುದು. ಯಾರೇ ಹೇಳಲಿ, ಎಷ್ಟೇ ಹಿರಿಯರಿರಲಿ, ಇದನ್ನು ಬಾಗಿಲಲ್ಲೇ ತಡೆಯಬೇಕು.

ತಾಯಿಯ ಬಗ್ಗೆಯೂ ಒಂದು ಮಾತು. ನಿದ್ದೆಗೆಟ್ಟು, ಹೊಲಿಗೆ ನೋಯುತ್ತ, ಮೂರು ತಾಸು ಅಳು ಕೇಳಿದ ಯಾರಿಗಾದರೂ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹೊರಗೆ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತು ಬರುವುದು ತಪ್ಪಲ್ಲ. ಕೂಸನ್ನು ಹಿಡಿದು ಜಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು. ದಿನವಿಡೀ ಅಳು ಬರುತ್ತಿರುವುದು ತಾಯಿಗೇ ಆದರೆ ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆಯಿದೆ.

ಕೊನೆಗೆ ನಮ್ಮ ವ್ಯವಸ್ಥೆಯಲ್ಲಿರುವ ಒಂದು ಬಿರುಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬರುವುದು 3, 7, 14, 21, 28 ಮತ್ತು 42ನೆಯ ದಿನ. ಮುಂದಿನ ಭೇಟಿ, 2018ರಲ್ಲಿ ಆರಂಭವಾದ ಇನ್ನೊಂದು ಕಾರ್ಯಕ್ರಮದಡಿ, ಮೂರನೆಯ ತಿಂಗಳಿಗೆ. 42ನೆಯ ದಿನವೆಂದರೆ ಸರಿಯಾಗಿ ಆರನೆಯ ವಾರ. ಅಳು ಶಿಖರ ಮುಟ್ಟಿದ ದಿನ ಆಕೆ ಈ ಸರದಿಯ ಕೊನೆಯ ಭೇಟಿ ಮುಗಿಸಿ ಹೋಗುತ್ತಾಳೆ. ಗುಟ್ಟಿ, ಜೇನು, ಹನಿಗಳು ಕೂಸಿನ ಬಾಯಿಗೆ ಹೋಗಬಹುದಾದ ವಾರಗಳಲ್ಲಿ ಮನೆಗೆ ಯಾರೂ ಬರುವುದಿಲ್ಲ. ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ದಾದಿಯರ ಕೈಯಿಂದ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಿಸಿ, 1,620 ಬಾಣಂತಿಯರ ಅಧ್ಯಯನದಲ್ಲಿ ಹೆರಿಗೆಯ ನಂತರದ ರಕ್ತಸ್ರಾವವನ್ನು ಅರ್ಧಕ್ಕಿಳಿಸಿ 2006ರಲ್ಲಿ ಜಗತ್ತಿಗೆ ತೋರಿಸಿದ್ದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು. ಹಳ್ಳಿಯ ದಾದಿಯರಿಂದ ಏನಾಗಬಲ್ಲದೆಂದು ಕಂಡ ಜಿಲ್ಲೆಯಿದು. ಎಂಟನೆಯ ವಾರಕ್ಕೆ ಒಂದು ಭೇಟಿ ಹೆಚ್ಚಿಸುವುದು ಇಲ್ಲಿ ಅಸಾಧ್ಯವೇನಲ್ಲ.

ಅದು ಆಗುವವರೆಗೆ ನಮಗಿರುವುದು ಲಸಿಕೆಯ ದಿನಗಳು: ಆರು, ಹತ್ತು ಮತ್ತು ಹದಿನಾಲ್ಕನೆಯ ವಾರ. ಚುಚ್ಚುಮದ್ದು ಹಾಕಿಸಿ ಓಡಿಬರಬೇಡಿ. ಕೂಸಿನ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ, ಹಿಂದಿನ ತೂಕದ ಜೊತೆ ಹೋಲಿಸಿ ನೋಡಿ. ಎಷ್ಟು ಕಾರುತ್ತದೆ, ಎಷ್ಟು ಹೊತ್ತು ಅಳುತ್ತದೆ, ಮನೆಯಲ್ಲಿ ಏನು ಕುಡಿಸುತ್ತಿದ್ದೀರಿ, ಬಾಣಂತಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನು ದಾದಿಯ ಮುಂದೆ ಮುಚ್ಚಿಡದೆ ಹೇಳಿ. ಆ ದಿನ ಆಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.